ಗೋಡೆ ಒಣಗುವವರೆಗೆ

ಲಚ್ಚಿಯನ್ನು ಕೆಂಗೇರಿಗೆ ಕಳಿಸುವ ಮಾತು ಮೊದಲು ತೆಗೆದವಳು ಇಂದ್ರಮ್ಮನೇ. ಆಮೇಲೆ ಎಷ್ಟೋ ಸಲ ಅವಳು ಇದನ್ನು ತನಗೆ ತಾನೇ ಹೇಳಿಕೊಳ್ಳಬೇಕಾಯಿತು. ಯಾಕೆಂದರೆ ತಂಗಿಯೇ ಬಂದು ಮಗಳನ್ನು ಕಿತ್ತುಕೊಂಡು ಹೋದಳು ಎಂದು ಅವಳ ಮನಸ್ಸು ಹಟ ಹಿಡಿಯುತ್ತಿತ್ತು.

ಮಾರೇನಹಳ್ಳಿಯ ವಠಾರದಲ್ಲಿ ಅವರದು ಕೊನೆಯ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಗಂಡ ನಂಜುಂಡಪ್ಪ ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಇಂದ್ರಮ್ಮ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಮದುವೆಯಾದ ವರ್ಷ ಹಿಡಿದ ಮನೆ ಅದು. ಒಂಬತ್ತು ವರ್ಷದಲ್ಲಿ ಬಾಡಿಗೆ ಹೆಚ್ಚೇನೂ ಏರಿರಲಿಲ್ಲ. ಎರಡು ವರ್ಷದ ಹಿಂದೆ ಮಾಲೀಕರು ಮೇಲೊಂದು ಹೊಸ ಮನೆ ಕಟ್ಟಿಸಿದರು. ಅದರ ಬಚ್ಚಲು ಸರಿಯಾಗಿ ಇವರ ಕೋಣೆಯ ಮೇಲೆ ಬಂತು. ಮೊದಲ ಮಳೆಗಾಲಕ್ಕೇ ಹಿಂದಿನ ಗೋಡೆ ಬೆವರತೊಡಗಿತು. ಆಮೇಲೆ ಮೂಲೆಯಲ್ಲಿ ಅಂಗೈಯಗಲದ ಕಪ್ಪು ಬೂಷ್ಟು ಕಾಣಿಸಿಕೊಂಡು, ನೋಡನೋಡುತ್ತ ಕಿಟಕಿಯವರೆಗೆ ಹಬ್ಬಿತು. ಇಂದ್ರಮ್ಮ ಸೀಮೆಎಣ್ಣೆಯಲ್ಲಿ ಒರೆಸಿದಳು, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದಳು. ಎಂಟು ದಿನಕ್ಕೆ ಅದು ಮತ್ತೆ ಬರುತ್ತಿತ್ತು. ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೂ ಬಂತು, ಬೆಲ್ಲದ ಡಬ್ಬಕ್ಕೂ ಬಂತು.

ಏಳು ವರ್ಷದ ಲಚ್ಚಿಗೆ ಗೂರಲು ಹತ್ತಿಕೊಂಡಿದ್ದು ಅದೇ ವರ್ಷ. ಶಾಲೆಯ ಪುಸ್ತಕದಲ್ಲಿ ಅವಳು ಮುನಿಲಕ್ಷ್ಮಿ, ಮನೆಯಲ್ಲಿ ಲಚ್ಚಿ. ರಾತ್ರಿ ಮಲಗಿದರೆ ಎದೆಯಲ್ಲಿ ಸುಯ್ಯೆನ್ನುವ ಸದ್ದು, ಬೆಳಿಗ್ಗೆ ಎದ್ದರೆ ಕಣ್ಣ ಕೆಳಗೆ ಊತ. ವಿಜಯನಗರದ ಡಾಕ್ಟರು ಮೂರನೇ ಸಲ ಚೀಟಿ ಬರೆಯುವಾಗ ಪೆನ್ನು ನಿಲ್ಲಿಸಿ ಕೇಳಿದರು:

"ಮನೇಲಿ ಗೋಡೆ ಏನಾದ್ರೂ ತೇವ ಇದ್ಯೇನಮ್ಮ?"

"ಇದೆ ಸಾರ್."

"ಊದುಬತ್ತಿ ಕೆಲಸಾನೂ ಮಾಡ್ತೀರ ಅಂದ್ರಿ. ಅದನ್ನ ನಿಲ್ಸಿ. ಮಗೂನ ಆ ಗೋಡೆಯಿಂದ ದೂರ ಇಡಿ. ನಾನು ಔಷಧಿ ಎಷ್ಟು ಕೊಟ್ರೂ ಅದು ದಿನಾ ಅದೇ ಗಾಳಿ ಉಸಿರಾಡ್ತಾ ಇದ್ರೆ ಏನು ಬಂತು?"

ಇಂದ್ರಮ್ಮ ಮರುದಿನವೇ ಊದುಬತ್ತಿಯ ಮಣೆ ಎತ್ತಿಟ್ಟಳು. ಬೇರೆ ಮನೆ ಹುಡುಕಲು ಇಬ್ಬರೂ ಒಂದು ತಿಂಗಳು ಅಲೆದರು. ವಿಜಯನಗರದಲ್ಲಿ, ಬಸವೇಶ್ವರನಗರದಲ್ಲಿ, ಮಾಗಡಿ ರಸ್ತೆಯ ಸಂದಿಗಳಲ್ಲಿ ಎಲ್ಲಿ ಕೇಳಿದರೂ ಬಾಡಿಗೆ ಮೂರು ಪಟ್ಟು, ಮೇಲೆ ಹತ್ತು ತಿಂಗಳ ಅಡ್ವಾನ್ಸು. ಆಗ ಇಂದ್ರಮ್ಮನಿಗೆ ತಂಗಿಯ ನೆನಪಾಯಿತು.

ತಂಗಿ ಚಿಕ್ಕಗಂಗಮ್ಮನ ಮನೆ ಕೆಂಗೇರಿ ಉಪನಗರದಲ್ಲಿ. ಅವಳ ಗಂಡ ಬೈರಯ್ಯ ಜ್ಞಾನಭಾರತಿಯ ಯೂನಿವರ್ಸಿಟಿಯಲ್ಲಿ ಅಟೆಂಡರ್. ಹೌಸಿಂಗ್ ಬೋರ್ಡಿನ ಚೀಟಿ ಎತ್ತುವಾಗ ಅವರ ಹೆಸರು ಬಂದು, ಪುಟ್ಟದಾದರೂ ಸ್ವಂತದ ಮನೆಯಾಗಿತ್ತು. ಮದುವೆಯಾಗಿ ಎಂಟು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ.

"ಯುಗಾದಿವರ್ಗೂ ಇಟ್ಕೋ ಗಂಗಾ. ಸ್ಕೂಲು ತಪ್ಪಿದ್ರೂ ಪರ್ವಾಗಿಲ್ಲ. ಅಷ್ಟ್ರಲ್ಲಿ ಏನಾದ್ರೂ ಮಾಡ್ತೀವಿ," ಎಂದಳು ಇಂದ್ರಮ್ಮ, ತಂಗಿ ಮನೆಗೆ ಬಂದಾಗ.

"ಕೇಳ್ಬೇಕಾ ಅಕ್ಕ? ಇವತ್ತೇ ಕರ್ಕೊಂಡ್ ಹೋಗ್ತೀನಿ," ಎಂದಳು ತಂಗಿ. ಅವಳ ದನಿಯಲ್ಲಿದ್ದ ಸಡಗರವನ್ನು ಇಂದ್ರಮ್ಮ ಆಗಲೇ ಗಮನಿಸಿದ್ದಳು.

ಭಾನುವಾರ ಬಂದರೆ ಗಂಡಹೆಂಡತಿ ಮೈಸೂರು ರಸ್ತೆಯವರೆಗೆ ನಡೆದು ಕೆಂಗೇರಿ ಬಸ್ಸು ಹತ್ತುತ್ತಿದ್ದರು. ಮೊದಲ ಭಾನುವಾರ ಲಚ್ಚಿ ಬಾಗಿಲಲ್ಲೇ ಕಾದು ನಿಂತಿದ್ದಳು. ಮೂರನೇ ಭಾನುವಾರ ಪಕ್ಕದ ಮನೆಯ ಮಕ್ಕಳ ಜೊತೆ ಆಡಲು ಹೋಗಿದ್ದಳು. ಓಡಿ ಬಂದಳು, ಕೆನ್ನೆ ಕೆಂಪಾಗಿತ್ತು. ಅಷ್ಟು ದೂರ ಓಡಿದರೂ ಕೆಮ್ಮಲಿಲ್ಲ. ನಂಜುಂಡಪ್ಪನ ಕಣ್ಣು ಒದ್ದೆಯಾಯಿತು. ಇಂದ್ರಮ್ಮನಿಗೂ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಬೆನ್ನಿಗೇ ಎದೆಯೊಳಗೆ ಇನ್ನೇನೋ ಚುರುಗುಟ್ಟಿತು.

ಆ ಮನೆಯಲ್ಲಿ ಎರಡು ಕಡೆ ಕಿಟಕಿಗಳಿದ್ದವು. ಬೆಳಗಿನ ಬಿಸಿಲು ಅಡುಗೆಮನೆಗೆ ಬಂದು, ನಡುಮನೆ ದಾಟಿ, ಸಂಜೆ ಮುಂಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತರೆ ಬೆಚ್ಚಗಿರುತ್ತಿತ್ತು. ಇಂದ್ರಮ್ಮ ಯಾರೂ ನೋಡದಾಗ ಅಂಗೈಯನ್ನು ಗೋಡೆಗೆ ಒತ್ತಿ ನೋಡಿದಳು. ಒಣ ಒಣ. ತನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳಿಗೆ ಈ ಗೋಡೆ, ತನಗೆ ಆ ಗೋಡೆ.

ತಂಗಿ ಮಗುವಿನ ತಲೆಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದ್ದಳು. ಇಂದ್ರಮ್ಮ ಹಾಕುತ್ತಿದ್ದುದು ಒಂದೇ ಜಡೆ. ತಂಗಿ ಅವಳನ್ನು "ಲಕ್ಷ್ಮೀ" ಎಂದು ಕರೆಯುತ್ತಿದ್ದಳು, ಮಗು ಅದಕ್ಕೇ ಓಗೊಡುತ್ತಿತ್ತು.

"ಲಚ್ಚಿ ಅಂತ ಕರೆಯಕ್ಕೆ ಏನಾಯ್ತು ನಿಂಗೆ?" ಎಂದು ಇಂದ್ರಮ್ಮ ಕೇಳಿದಳು.

"ಇಲ್ಲಿ ಮಕ್ಳು ಆಡ್ಕೊಂತಾರೆ ಅಂತ ಅವ್ಳೇ ಹೇಳಿದ್ಲಕ್ಕ."

ಒಂದು ಭಾನುವಾರ ಲಚ್ಚಿ ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡಳು. ಇಂದ್ರಮ್ಮ ಜಗಲಿಯ ಮೇಲೆ ಹತ್ತಿರದಲ್ಲೇ ಕೂತಿದ್ದಳು. ಮಗು ಅವಳ ಮುಂದಿನಿಂದಲೇ ಓಡಿ ಒಳಗೆ ಹೋಗಿ ಚಿಕ್ಕಮ್ಮನ ಸೊಂಟ ತಬ್ಬಿಕೊಂಡಿತು. ಇಂದ್ರಮ್ಮ ಎದ್ದು ಹೋಗಿ ಮಗಳನ್ನು ಎಳೆದುಕೊಂಡು ಸೆರಗಿನಿಂದ ಕಣ್ಣೀರು ಒರೆಸಿದಳು. ಲಚ್ಚಿ ಮುಖ ತಿರುಗಿಸಿದಳು.

"ಅಮ್ಮ, ನಿನ್ ಸೀರೆ ನಮ್ ಗೋಡೆ ವಾಸ್ನೆ ಹೊಡೆಯುತ್ತೆ."

ಮಗು ಇದ್ದದ್ದನ್ನು ಹೇಳಿತ್ತು ಅಷ್ಟೆ. ಬಸ್ಸಿನಲ್ಲಿ ವಾಪಸು ಬರುವಾಗ ಇಂದ್ರಮ್ಮ ಸೆರಗನ್ನು ಮೂಗಿಗೆ ಹಿಡಿದು ನೋಡಿದಳು. ಅವಳಿಗೆ ಏನೂ ಗೊತ್ತಾಗಲಿಲ್ಲ. ಅದೇ ವಾಸನೆಯಲ್ಲಿ ಬದುಕುವವಳಿಗೆ ಗೊತ್ತಾಗುವುದಾದರೂ ಹೇಗೆ ಅನ್ನಿಸಿ, ಬಸ್ಸಿನ ಕಿಟಕಿಯ ಕಡೆ ತಿರುಗಿ ಅತ್ತಳು.

ಯುಗಾದಿ ಹತ್ತಿರವಾದಾಗ ತಂಗಿ, ಪಾಯಸ ಬಡಿಸುತ್ತ ಬಡಿಸುತ್ತ, ಒಂದು ಮಾತು ತೆಗೆದಳು.

"ಅಕ್ಕ, ಜೂನಿಗೆ ಇಲ್ಲೇ ಸ್ಕೂಲಿಗೆ ಸೇರಿಸ್ಬಿಡಾಣ. ಇವ್ರು ಹೆಡ್ಮಾಸ್ಟ್ರನ್ನ ಕೇಳ್ಕೊಂಡೂ ಬಂದಿದಾರೆ. ಅಲ್ಲಿಂದ ಟೀಸಿ ಒಂದು ತಂದ್ಬಿಟ್ರೆ ಸಾಕು."

ಇಂದ್ರಮ್ಮ ತಟ್ಟೆ ಮುಂದಕ್ಕೆ ತಳ್ಳಿದಳು. "ಕೇಳ್ಕೊಂಡೂ ಬಂದಾಯ್ತಾ? ನಮ್ಮನ್ನ ಕೇಳೋಕ್ ಮುಂಚೆ?"

"ಮಗೂಗೆ ಒಳ್ಳೇದಾಗ್ಲಿ ಅಂತ—"

"ಅದರ ಒಳ್ಳೇದು ನೋಡೋಕೆ ನಾನಿನ್ನೂ ಸತ್ತಿಲ್ಲ ಕಣೇ."

ಆ ವಾರ ಇಂದ್ರಮ್ಮ ಒಬ್ಬಳೇ ಗೋಡೆಯ ಮೇಲೆ ಬಿದ್ದಳು. ಕರಣೆಯಿಂದ ಕಪ್ಪನ್ನೆಲ್ಲ ಹೆರೆದಳು. ಸುಣ್ಣಕ್ಕೆ ನೀಲಿ ಬೆರೆಸಿ ಮೂರು ಸಲ ಬಳಿದಳು. ಬೇಸಗೆಯ ಬಿಸಿಗೆ ಮೇಲ್ಮೈ ಒಣಗಿ ಗೋಡೆ ಬೆಳ್ಳಗೆ ಹೊಳೆಯಿತು. ಸಂಜೆ ಕೆಲಸದಿಂದ ಬಂದ ನಂಜುಂಡಪ್ಪ ಬೆರಳಿಂದ ತಟ್ಟಿ ನೋಡಿದ.

"ಒಳಗಿನ್ನೂ ಹಸಿ ಇದೆ ಕಣೇ. ಸದ್ದು ಕೇಳಿಲ್ಲಿ."

"ನಂಗೇನೂ ಕೇಳಿಸ್ಲಿಲ್ಲ. ಭಾನುವಾರ ಮಗೂನ ಕರ್ಕೊಂಡ್ ಬರೋದೇ."

"ಇಂದ್ರಾ, ಸ್ವಲ್ಪ ತಾಳು..."

"ನಿಮ್ಗೇನು ಗೊತ್ತು? ಇನ್ನೊಂದು ತಿಂಗ್ಳು ಬಿಟ್ರೆ ಅದು ನನ್ನ ಆಂಟಿ ಅಂತ ಕರೆಯುತ್ತೆ."

ತಂಗಿಯ ಮನೆಯಲ್ಲಿ ಅವಳು ಸಲೀಸಾಗಿ ಸುಳ್ಳು ಹೇಳಿದಳು. ಮಾಲೀಕರು ಪೂರ್ತಿ ಗಾರೆ ಕೀಳಿಸಿ ಹೊಸದಾಗಿ ಮಾಡಿಸಿದರು, ಈಗ ಗೋಡೆ ಕಲ್ಲಿನ ಹಾಗಿದೆ ಎಂದಳು. ಚಿಕ್ಕಗಂಗಮ್ಮ ಫ್ರಾಕುಗಳನ್ನು ಒಂದೊಂದಾಗಿ ಮಡಿಸಿ ಚೀಲಕ್ಕಿಟ್ಟಳು. ಬಸ್ಸು ಹೊರಡುವಾಗ ಅವಳ ಮುಖ ಸಪ್ಪಗಾಗಿತ್ತು. ಅದನ್ನು ನೋಡಿ ಇಂದ್ರಮ್ಮನಿಗೆ ಹಿತವಾಯಿತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮನೆಯವರೆಗೂ ಆ ಹಿತದಲ್ಲೇ ಬಂದಳು.

ಹನ್ನೊಂದು ದಿನ ಎಲ್ಲವೂ ಸರಿಯಾಗಿತ್ತು. ಹನ್ನೆರಡನೇ ದಿನ ಮಧ್ಯಾಹ್ನ ದೊಡ್ಡ ಮಳೆ ಬಂತು. ಮಾರನೆಯ ದಿನ ಸುಣ್ಣದ ಮೇಲೆ ಹಳದಿ ಗೆರೆಗಳೆದ್ದವು, ಮೂರು ದಿನದಲ್ಲಿ ಅವು ಕಪ್ಪಾದವು. ಇಂದ್ರಮ್ಮ ಹಾಸಿಗೆಯನ್ನು ಅಡುಗೆಮನೆಗೆ ಸಾಗಿಸಿದಳು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಲಚ್ಚಿ ಊಟದ ತಟ್ಟೆಯ ಮುಂದೆ ಕೂತವಳು ತುತ್ತು ನುಂಗಲಾಗದೆ ಎರಡೂ ಕೈ ನೆಲಕ್ಕೂರಿ ಬಾಯಿ ಬಿಟ್ಟು ಉಸಿರೆಳೆಯತೊಡಗಿದಳು. ಪಕ್ಕದ ಮನೆಯ ರಾಮಕ್ಕ ಆಟೋ ಕರೆದು ತಂದಳು. ಆಸ್ಪತ್ರೆಯಲ್ಲಿ ಸೂಜಿ ಹಾಕಿ, ಮೂಗಿಗೆ ಕೊಳವೆ ಇಟ್ಟರು. ಸ್ವಲ್ಪ ಉಸಿರು ಬಂದಾಗ ಮಗು ಕಣ್ಣು ಬಿಟ್ಟು ಇಂದ್ರಮ್ಮನನ್ನು ನೋಡಿ ಕೇಳಿತು:

"ಚಿಕ್ಕಮ್ಮ ಬಂದಿಲ್ವಾ?"

ನಂಜುಂಡಪ್ಪ ಹೇಳಿಕಳಿಸಿದ್ದರಿಂದ ಚಿಕ್ಕಗಂಗಮ್ಮ ಸಂಜೆಗೆ ಬಂದಳು. ಮಗುವನ್ನು ನೋಡಿಕೊಂಡು, ಅದಕ್ಕೆ ಬಟ್ಟೆ ತರುವ ನೆವದಲ್ಲಿ ಅಕ್ಕನ ಜೊತೆ ಮಾರೇನಹಳ್ಳಿಗೂ ಬಂದಳು. ಕೋಣೆಗೆ ಕಾಲಿಟ್ಟವಳೇ ಗೋಡೆಯ ಮೇಲೆ ಬೆರಳಿಟ್ಟಳು. ಸುಣ್ಣ, ಗಾರೆ ಎರಡೂ ಹಸಿಹಿಟ್ಟಿನಂತೆ ಉದುರಿದವು.

"ಇದಕ್ಕೆ ಸುಣ್ಣ ಬಳ್ದು ಮಗೂನ ಕರ್ಕೊಂಡ್ ಬಂದ್ಯಾ ಅಕ್ಕ?"

"ನನ್ ಮಗು. ನಾನು ಕರ್ಕೊಂಡ್ ಬರ್ತೀನಿ."

"ನಂಗೆ ಸುಳ್ಳು ಹೇಳ್ದೆ. ಹೋಗ್ಲಿ, ಮಗೂಗೇನಾದ್ರೂ ಆಗಿದ್ರೆ?"

"ನೀನೇನೇ ಹೇಳೋದು ನಂಗೆ?" ಇಂದ್ರಮ್ಮನ ಬಾಯಿಂದ ಅದು ಬಂದೇಬಿಟ್ಟಿತು. "ಒಂದು ಹೆತ್ತಿದ್ರೆ ಗೊತ್ತಾಗಿರೋದು."

ಚಿಕ್ಕಗಂಗಮ್ಮ ಕೈಯಲ್ಲಿದ್ದ ಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು.

"ಹೌದು ಕಣಕ್ಕ," ಎಂದಳು. "ಅವ್ಳು ನಂಗೇ ಇರ್ಲಿ ಅಂತ ಆಸೆ ಆಗಿತ್ತು. ಇಲ್ಲ ಅನ್ನಲ್ಲ. ಆದ್ರೆ ನಿನ್ ಹೊಟ್ಟೆಕಿಚ್ಚಿಗೂ ನನ್ ಆಸೆಗೂ ನಡುವೆ ಅದು ಉಸಿರು ಕಟ್ಕೊಂಡ್ ಸಾಯ್ಬಾರ್ದು. ಆಸ್ಪತ್ರೆಯಿಂದ ಸೀದಾ ಕೆಂಗೇರಿಗೆ ಕಳ್ಸು. ಆಮೇಲೆ ನನ್ ಮುಖ ನೋಡ್ಬೇಡ, ಪರ್ವಾಗಿಲ್ಲ."

ಇಂದ್ರಮ್ಮ ಕಳಿಸಿದಳು. ಟೀಸಿಯನ್ನೂ ತಾನೇ ಹೋಗಿ ತಂದುಕೊಟ್ಟಳು. ಅದಕ್ಕಿಂತ ಕಷ್ಟದ ಕೆಲಸವನ್ನು ಅವಳು ಜೀವನದಲ್ಲಿ ಮಾಡಿರಲಿಲ್ಲ.

ಮಾಲೀಕ ಚನ್ನವೀರಪ್ಪನವರು ಬಸವೇಶ್ವರನಗರದಲ್ಲಿದ್ದರು. ಇಂದ್ರಮ್ಮ ಗಂಡನನ್ನು ಕಾಯದೆ ಒಬ್ಬಳೇ ಅವರ ಮನೆಗೆ ನಡೆದಳು. ಅವರು ಒರಟಾಗಿ ಮಾತಾಡುವವರಲ್ಲ. ಕೂರಿಸಿ ಮಜ್ಜಿಗೆ ಕೊಡಿಸಿದರು.

"ಹಳೇ ಗೋಡೆ ತಾಯಿ. ನೆಲದಿಂದ ತೇವ ಏರುತ್ತೆ, ಅದಕ್ಕೆ ನಾನೇನ್ ಮಾಡ್ಲಿ? ನೀವು ಊದುಬತ್ತಿ ಪುಡಿ ಹಾರಿಸ್ಕೊಂಡು ಕೂತಿದ್ರೆ ಮಕ್ಕಳಿಗೆ ಕೆಮ್ಮು ಬರದೆ ಇರುತ್ತಾ?"

"ಅದನ್ನ ಬಿಟ್ಟು ನಾಲ್ಕು ತಿಂಗ್ಳಾಯ್ತು."

"ಆ ಮನೆ ವಾಸಕ್ಕೆ ಯೋಗ್ಯ ಅಲ್ಲ ಅಂತ ನಿಮಗೇ ಅನ್ನಿಸ್ತಿದ್ರೆ ಬಿಟ್ಬಿಡಿ. ನಾನು ಕೆಡವಿಸಿ ಹೊಸದಾಗಿ ಕಟ್ಟಿಸ್ತೀನಿ. ಬಲವಂತ ಇಲ್ಲ."

ಆಗ ಇಂದ್ರಮ್ಮನಿಗೆ ವಿಷಯ ತಿಳಿಯಿತು. ಗೋಡೆ ಅವರ ಪರವಾಗಿ ಕೆಲಸ ಮಾಡುತ್ತಿತ್ತು. ಇವರು ತಾವಾಗಿ ಬಿಟ್ಟರೆ, ಆಮೇಲೆ ರಾಮಕ್ಕ, ಅದರಾಚೆ ಮೊದಲನೇ ಮನೆಯ ದೊಡ್ಡಹನುಮಯ್ಯ. ಮೂರೂ ಖಾಲಿಯಾದರೆ ಮೇಲಿನ ಮನೆಯಂಥವೇ ಮೂರು ಮನೆ, ಮೂರು ಪಟ್ಟು ಬಾಡಿಗೆ.

ಮನೆಗೆ ಬಂದವಳು ಊದುಬತ್ತಿಯ ಸಾಮಾನಿನ ಗಂಟು ಬಿಚ್ಚಿದಳು. ಕಡ್ಡಿಯ ಬುಡಕ್ಕೆ ಹಚ್ಚುವ ಗುಲಾಬಿ ಬಣ್ಣದ ಪುಡಿ ಅದರಲ್ಲಿ ಉಳಿದಿತ್ತು. ಚಿಟಿಕೆ ಸಾಕು, ಒಂದು ಬಕೆಟ್ ನೀರು ಕೆಂಪಗಾಗುತ್ತದೆ, ಬೆರಳಿಗೆ ಹತ್ತಿದರೆ ವಾರ ಹೋಗುವುದಿಲ್ಲ. ಅದನ್ನು ಕಲಸಿಕೊಂಡು ಮೇಲಿನ ಮನೆಯ ಕದ ತಟ್ಟಿದಳು. ಅಲ್ಲಿ ಬಾಡಿಗೆಗಿದ್ದ ಕಮಲಾಕ್ಷಮ್ಮ ದಾವಣಗೆರೆ ಕಡೆಯವರು, ಅವರ ಯಜಮಾನರು ಬ್ಯಾಂಕಿನಲ್ಲಿದ್ದರು. ಇಂದ್ರಮ್ಮ ಅವರ ಜೊತೆ ಎಂದೂ ಸರಿಯಾಗಿ ಮಾತಾಡಿದವಳಲ್ಲ. ಅವರ ಬಚ್ಚಲಿನ ಸದ್ದು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

"ನಿಮ್ಮ ಬಚ್ಚಲಿಗೆ ಈ ನೀರು ಹುಯ್ಯಕ್ಕೆ ಬಿಡಿ. ಬೇರೇನೂ ಕೇಳಲ್ಲ."

ಕಮಲಾಕ್ಷಮ್ಮ ಬಕೆಟ್ಟನ್ನೂ ಅವಳ ಮುಖವನ್ನೂ ನೋಡಿದರು. "ಕೆಳಗ ಮಗು ಕೆಮ್ಮೋದು ನಮಗೂ ಕೇಳಸ್ತಿತ್ತು. ಬರ್ರಿ ಒಳಗ," ಎಂದರು.

ಮರುದಿನ ಬೆಳಿಗ್ಗೆ ಇಂದ್ರಮ್ಮನ ಗೋಡೆಯ ಮೂಲೆಯಲ್ಲಿ, ಸೂರಿನಿಂದ ಎರಡು ಮೊಳ ಕೆಳಗೆ, ಗುಲಾಬಿ ಬಣ್ಣ ಜಿನುಗುತ್ತಿತ್ತು. ತೇವ ನೆಲದಿಂದ ಏರುತ್ತಿರಲಿಲ್ಲ, ಮೇಲಿನ ಕೊಳವೆಯಿಂದ ಇಳಿಯುತ್ತಿತ್ತು. ಅವಳು ರಾಮಕ್ಕನನ್ನೂ ದೊಡ್ಡಹನುಮಯ್ಯನನ್ನೂ ಕರೆದು ತೋರಿಸಿದಳು. ನಂಜುಂಡಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತ.

"ಕೋರ್ಟು ಗೀರ್ಟು ಅಂತ ಹೋದ್ರೆ ಇರೋ ಮನೇನೂ ಹೋಗುತ್ತೆ ಕಣೇ."

"ಮನೆ ಉಳ್ಸಿಕೊಳ್ಳೋಕೇ ಹೋಗೋದು. ಮಗಳು ವಾಪಸ್ ಬರೋಕೆ ಒಂದು ಮನೆ ಬೇಕು ತಾನೆ?"

ವರ್ಕ್‌ಶಾಪಿನ ಯೂನಿಯನ್ನಿನವರು ಒಬ್ಬ ವಕೀಲರ ಪರಿಚಯ ಮಾಡಿಸಿದರು. ಬಾಡಿಗೆ ನಿಯಂತ್ರಣ ಕಚೇರಿಗೆ ಕೊಡುವ ಅರ್ಜಿಗೆ ನಂಜುಂಡಪ್ಪ ರುಜು ಹಾಕಿದ, ದೊಡ್ಡಹನುಮಯ್ಯ ರುಜು ಹಾಕಿದ, ರಾಮಕ್ಕ ಹೆಬ್ಬೆಟ್ಟೊತ್ತಿದಳು. ಆ ತಿಂಗಳಿಂದ ಚನ್ನವೀರಪ್ಪನವರು ಬಾಡಿಗೆ ಇಸಕೊಳ್ಳುವುದನ್ನು ನಿಲ್ಲಿಸಿದರು. ಬಾಕಿ ಎನ್ನಿಸಿಕೊಳ್ಳಬಾರದೆಂದು ವಕೀಲರ ಮಾತಿನಂತೆ ಮೂರು ಮನೆಯವರೂ ಬಾಡಿಗೆಯನ್ನು ಮನಿಯಾರ್ಡರ್ ಮಾಡಿದರು. ವಿಚಾರಣೆ ಮೂರು ಸಲ ಮುಂದಕ್ಕೆ ಹೋಯಿತು. ಆಗಸ್ಟಿನಲ್ಲಿ ಕಚೇರಿಯಿಂದ ಇಬ್ಬರು ಬಂದು ಗೋಡೆ ನೋಡಿ, ಮೇಲೆ ಹೋಗಿ ಬಚ್ಚಲು ನೋಡಿ, ಬರೆದುಕೊಂಡು ಹೋದರು. ಇಂದ್ರಮ್ಮ ಅವರ ಎದುರಿಗೇ ಇನ್ನೊಮ್ಮೆ ಬಣ್ಣದ ನೀರು ಹುಯ್ಯಲು ಸಿದ್ಧವಾಗಿದ್ದಳು, ಅದರ ಅಗತ್ಯ ಬೀಳಲಿಲ್ಲ. ಕಮಲಾಕ್ಷಮ್ಮ ತಾವು ಕಣ್ಣಾರೆ ಕಂಡದ್ದನ್ನು ಹೇಳಿದರು.

ಆ ತಿಂಗಳುಗಳಲ್ಲಿ ಅವಳು ಕೆಂಗೇರಿಗೆ ಹೋಗುವುದನ್ನು ಬಿಡಲಿಲ್ಲ. ಅಕ್ಕತಂಗಿಯರ ನಡುವೆ ಮಾತು ಅಷ್ಟಕ್ಕಷ್ಟೆ. ಕಾಫಿ ಕುಡೀತೀಯಾ, ಹ್ಞೂಂ, ಬಸ್ಸಿಗೆ ಹೊತ್ತಾಯ್ತು. ಮಗಳ ಪ್ರಗತಿ ಪತ್ರದಲ್ಲಿ ಪೋಷಕರ ರುಜು ಎಂಬಲ್ಲಿ ತಂಗಿಯ ದುಂಡನೆಯ ಅಕ್ಷರಗಳಿದ್ದವು. ಇಂದ್ರಮ್ಮ ಅದನ್ನು ಓದಿ ಮಡಿಸಿಟ್ಟಳು. ಬರುವಾಗ ದಾರಿಯುದ್ದಕ್ಕೂ ಆ ಅಕ್ಷರಗಳು ಕಣ್ಣ ಮುಂದೆ ಕುಣಿದವು. ಆದರೆ ಈ ಸಲ ಆ ಉರಿಯನ್ನು ಅವಳು ಮಗಳ ಮೇಲೂ ತಂಗಿಯ ಮೇಲೂ ಹಾಕಲಿಲ್ಲ. ಸೋಮವಾರ ಎದ್ದು ವಕೀಲರ ಆಫೀಸಿಗೆ ಹೋಗಿ, ಮುಂದಿನ ತಾರೀಕು ಯಾವತ್ತು ಎಂದು ಕೇಳಿದಳು.

ಅಕ್ಟೋಬರಿನಲ್ಲಿ ಆದೇಶ ಬಂತು. ಕೊಳವೆ, ಗೋಡೆ ಎರಡನ್ನೂ ಮಾಲೀಕರೇ ಸರಿ ಮಾಡಿಸಬೇಕು, ಆ ನೆಪದಲ್ಲಿ ಯಾರನ್ನೂ ಬಿಡಿಸುವಂತಿಲ್ಲ. ದೀಪಾವಳಿ ಕಳೆದು ಕೆಲಸದವರು ಬಂದರು. ಒಡೆದ ಕೊಳವೆ ತೆಗೆದು ಬೇರೆ ಹಾಕಿದರು. ಇಟ್ಟಿಗೆ ಕಾಣುವವರೆಗೆ ಗಾರೆ ಕಿತ್ತರು. ಮೇಸ್ತ್ರಿ ವಾರದಲ್ಲೇ ಹೊಸ ಗಾರೆ ಮೆತ್ತಲು ಬಂದಾಗ ಇಂದ್ರಮ್ಮ ತಡೆದಳು.

"ಇಟ್ಟಿಗೆ ಒಣಗ್ಲಿ ಮೇಸ್ತ್ರಿ. ಎಷ್ಟು ದಿನ ಆದ್ರೂ ಆಗ್ಲಿ."

"ಬರೀ ಇಟ್ಟಿಗೆ ಗೋಡೇಲಿ ಎಷ್ಟು ದಿನ ಇರ್ತೀರಮ್ಮ?"

"ಇರ್ತೀನಿ."

ಚಳಿಗಾಲವೆಲ್ಲ ಬರಿಯ ಇಟ್ಟಿಗೆಯ ಮುಂದೆ ಕಳೆಯಿತು. ಸಂಕ್ರಾಂತಿ ಕಳೆದ ಮೇಲೆ ಗಾರೆಯಾಯಿತು. ಮಾರ್ಚಿನಲ್ಲಿ ಅವಳು ತಂಗಿಗೆ, ನೀನೊಮ್ಮೆ ಬಂದು ಹೋಗು ಎಂದು ಹೇಳಿಕಳಿಸಿದಳು.

ಚಿಕ್ಕಗಂಗಮ್ಮ ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದು ಅಕ್ಕ ಎರಡು ಸಲ ಹೇಳಬೇಕಾಯಿತು.

"ನೋಡು," ಎಂದಳು ಇಂದ್ರಮ್ಮ. "ಮಗು ಇಲ್ಲಿರ್ಬೋದು ಅಂತ ನಿಂಗೆ ಅನ್ನಿಸಿದ್ರೆ ಪರೀಕ್ಷೆ ಮುಗಿದ್ಮೇಲೆ ಕರ್ಕೊಂಡ್ ಬರ್ತೀನಿ. ಬೇಡ ಅಂದ್ರೆ ಇನ್ನೊಂದು ಮಳೆಗಾಲ ನೋಡಾಣ."

ತಂಗಿ ಗೋಡೆಗೆ ಅಂಗೈ ಒತ್ತಿದಳು. ಮೂಲೆಗೆ ಬಗ್ಗಿ ಮೂಸಿದಳು. ಪೆಟ್ಟಿಗೆಯನ್ನು ಜರುಗಿಸಿ ಅದರ ಹಿಂದೆ ಬೆರಳಾಡಿಸಿದಳು. ಇಂದ್ರಮ್ಮ ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು. ತಾನು ಒಮ್ಮೆ ಎಷ್ಟು ಸಲೀಸಾಗಿ ಸುಳ್ಳು ಹೇಳಿದ್ದೆನೋ ಅಷ್ಟೇ ಸಲೀಸಾಗಿ ಈಗ ಇವಳೂ ಹೇಳಬಹುದಿತ್ತು.

"ಒಣಗಿದೆ ಅಕ್ಕ," ಎಂದಳು ಚಿಕ್ಕಗಂಗಮ್ಮ. ಹಾಗೆಯೇ ಪೆಟ್ಟಿಗೆಯ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಇಂದ್ರಮ್ಮ ಪಕ್ಕದಲ್ಲಿ ಕೂತಳು.

"ದಾರೀಲಿ ಬರ್ತಾ, ಇನ್ನೂ ಹಸಿ ಇದೆ ಅಂದ್ಬಿಡಾಣ ಅಂದ್ಕೊಂಡಿದ್ದೆ," ಎಂದಳು ತಂಗಿ.

"ಗೊತ್ತಿತ್ತು."

"ಮತ್ತೆ ನನ್ನ ಯಾಕ್ ಕೇಳ್ದೆ?"

"ನನ್ ಮಾತು ನಂಗೇ ನಂಬ್ಕೆ ಇರ್ಲಿಲ್ಲ ಕಣೇ. ಅವತ್ತು ಸುಣ್ಣದ ಗೋಡೆನೂ ನನ್ ಕಣ್ಣಿಗೆ ಒಣಗಿದ ಹಾಗೇ ಕಂಡಿತ್ತು." ತಂಗಿಯ ಕಡೆ ತಿರುಗಿ, "ಆ ದಿನ ನಾನಂದ ಮಾತು... ಅನ್ಬಾರದಾಗಿತ್ತು ಗಂಗಾ," ಎಂದಳು.

ಚಿಕ್ಕಗಂಗಮ್ಮ ತಲೆಯಾಡಿಸಿದಳು. ಮರೆತೆ ಎನ್ನಲಿಲ್ಲ.

ಏಪ್ರಿಲಿನಲ್ಲಿ ಲಚ್ಚಿ ಮನೆಗೆ ಬಂದಳು. ಮೊದಲ ವಾರ ಚಿಕ್ಕಮ್ಮ ಬೇಕೆಂದು ಊಟ ಬಿಟ್ಟು ಅತ್ತಳು. ಇಂದ್ರಮ್ಮ ಗದರಲಿಲ್ಲ. ಎರಡು ಜಡೆ ಹಾಕುವುದನ್ನು ಕಲಿತಳು, ಸರಿಯಾಗಿ ಬರಲಿಲ್ಲ. ಮಳೆಗಾಲ ಬಂತು. ಮಗುವಿಗೆ ಒಂದೆರಡು ಸಲ ಕೆಮ್ಮು ಬಂದು ಹೋಯಿತು, ಗೂರಲು ತಿರುಗಿ ಬರಲಿಲ್ಲ. ದೊಡ್ಡಹನುಮಯ್ಯ, ರಾಮಕ್ಕ ಅದೇ ವಠಾರದಲ್ಲಿ, ಅದೇ ಮನೆಗಳಲ್ಲಿ ಉಳಿದರು. ಚನ್ನವೀರಪ್ಪನವರು ಮತ್ತೆ ತಾವೇ ಬಂದು ಬಾಡಿಗೆ ಇಸಕೊಳ್ಳತೊಡಗಿದರು, ಮಜ್ಜಿಗೆಗೆ ಮಾತ್ರ ಯಾರನ್ನೂ ಕರೆಯಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಕೂಡಲೇ ಬೈರಯ್ಯ ಬಂದು ಮಗುವನ್ನು ಕೆಂಗೇರಿಗೆ ಕರೆದುಕೊಂಡು ಹೋಗುತ್ತಿದ್ದ. ಲಚ್ಚಿ ಬೆಳಿಗ್ಗೆಯೇ ಚೀಲ ತುಂಬಿಟ್ಟುಕೊಂಡಿರುತ್ತಿದ್ದಳು. ಚಿಕ್ಕಪ್ಪನ ಕೈ ಹಿಡಿದು ಕುಣಿಯುತ್ತ ಹೋಗುವವಳು ತಿರುವಿನಲ್ಲಿ ಒಮ್ಮೊಮ್ಮೆ ತಿರುಗಿ ನೋಡುವಳು, ಒಮ್ಮೊಮ್ಮೆ ಇಲ್ಲ. ನೋಡದ ದಿನ ಇಂದ್ರಮ್ಮನಿಗೆ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತಿತ್ತು, ಮೊದಲಿನಷ್ಟೇ. ಭಾನುವಾರ ಸಂಜೆಯ ಬಸ್ಸು ಬರುವವರೆಗೆ ಅವಳು ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ತಿರುಗಿಸಿ ತಿರುಗಿಸಿ ಒಣಗಿಸುತ್ತಿದ್ದಳು.